ಅಂಚಿನ ಸ್ವಿಚ್ಚು

ಹಳೆಯ ಲ್ಯಾಪ್‌ಟಾಪಿನ ಅಂಚನ್ನು ಸವರುತ್ತಿದ್ದ ಅಮಿತನ ಹೆಬ್ಬೆರಳು ಚಿಕ್ಕದೊಂದು ಸ್ವಿಚ್ಚಿನ ಮೇಲೆ ನಿಂತಿತು. ಎದುರು ಕೂತಿದ್ದ ಗುರುಪ್ರಸಾದ ಕುರ್ಚಿಯ ತುದಿಗೆ ಸರಿದ. ವೈಫೈ ಬಂದ್ ಮಾಡುವ ಆ ಸ್ವಿಚ್ಚನ್ನು ಯಾರಿಗೂ ಕಾಣದಂತೆ ಸರಿಸಿಟ್ಟವನು ಅವನೇ.

ಭಾನುವಾರ ಬಂತೆಂದರೆ ಹೆಂಡತಿ ನೀತಾ ಕಾಲೇಜಿನ ಗೆಳೆಯರೊಂದಿಗೆ ವಿಡಿಯೋದಲ್ಲಿ ಹರಟಲು ಕೂರುತ್ತಿದ್ದಳು. ಅವರಲ್ಲೊಬ್ಬನಾದ ಅಮಿತ ಬಾಯಿ ತೆರೆದರೆ ಸಾಕು, ಹೊಟ್ಟೆ ಹಿಡಿದು ನಗುತ್ತಿದ್ದಳು. ತನ್ನ ಮಾತಿಗೆ ಅವಳು ಒಮ್ಮೆಯಾದರೂ ಹಾಗೆ ನಕ್ಕಿದ್ದು ಗುರುಪ್ರಸಾದನಿಗೆ ನೆನಪಿಲ್ಲ. ಆ ನಗು ನಿಲ್ಲಿಸಲು ಹೋದರೆ, ಅವಳು ರಿಪೇರಿಗೆಂದು ಅಮಿತನನ್ನೇ ಕಾರವಾರದಿಂದ ಕೇಣಿ ಊರಿನ ತಮ್ಮ ಮನೆಗೆ ಕರೆಸಿಬಿಟ್ಟಿದ್ದಳು!

ಅಮಿತ ತಲೆಯೆತ್ತಿ ಗುರುಪ್ರಸಾದನ ಮುಖವನ್ನೇ ಒಂದು ಕ್ಷಣ ನೋಡಿದ. ಆಮೇಲೆ ಸದ್ದಿಲ್ಲದೆ ಸ್ವಿಚ್ಚು ಸರಿಸಿದ. ನೀಲಿ ದೀಪ ಹೊತ್ತಿಕೊಂಡಿತು.

"ಎಂತ ಆಗಿತ್ತೋ?" ಚಹಾ ತಂದಿಟ್ಟ ನೀತಾ ಕೇಳಿದಳು.

"ಎಂತಾ ಇಲ್ವೇ. ಸಮುದ್ರದ ಉಪ್ಪು ಗಾಳಿ ಅಲ್ವಾ, ಒಳಗೆ ಸ್ವಲ್ಪ ಕಿಲುಬು ಹಿಡಿದಿತ್ತು." ಅಮಿತ ಲ್ಯಾಪ್‌ಟಾಪನ್ನು ಗುರುಪ್ರಸಾದನ ಮುಂದಕ್ಕೆ ದೂಡಿದ. "ಇನ್ನೊಂದ್ಸಲ ಹಿಂಗಾದ್ರೆ ನನ್ನ ಕರೂದು ಬ್ಯಾಡ. ಭಾವನೇ ಸರಿ ಮಾಡ್ತಾರೆ."

"ಇವ್ರಾ?" ಎಂದವಳೇ ನೀತಾ ಹೊಟ್ಟೆ ಹಿಡಿದು ನಗತೊಡಗಿದಳು.