ಬಾಯಿತಪ್ಪಿ ಬಂದ ‘ಸಾಕು’

“ಅಮ್ಮಾ, ನೀರು ಬೇಕಾ?” ಸ್ಪೀಚ್ ಥೆರಪಿಯ ಹುಡುಗಿ ಲೋಟವನ್ನು ಮುಂದೆ ಹಿಡಿದು ಕೇಳಿದಳು.

“ಸಾಕು” ಎಂದಳು ಹೆಂಡತಿ. ಎಂದವಳೇ ಲೋಟ ಕಿತ್ತುಕೊಂಡು ಅಷ್ಟನ್ನೂ ಗಟಗಟನೆ ಕುಡಿದುಬಿಟ್ಟಳು.

ಪಕ್ಕದ ಕುರ್ಚಿಯಲ್ಲಿದ್ದ ಗಂಡನಿಗೆ ನಗು ತಡೆಯಲಾಗಲಿಲ್ಲ. “ನೋಡಿ ಮೇಡಂ, ಇವಳ ಸಾಕು ಅಂದ್ರೆ ಒಂದು ಲೋಟ. ಬೇಕು ಅಂದಿದ್ರೆ ನಿಮ್ಮ ಕೊಡಾನೇ ಖಾಲಿ!” ಏಳು ತಿಂಗಳ ಹಿಂದೆ ಹೆಂಡತಿಯ ಮೆದುಳಿನಲ್ಲಿ ರಕ್ತನಾಳ ಒಡೆದು, ಜೀವ ಉಳಿದರೂ ಮಾತು ಅದಲುಬದಲಾದಾಗಿನಿಂದ ಅವನು ಹೀಗೆ ನಗಿಸಿ ನಗಿಸಿಯೇ ದಿನ ದೂಡಿದ್ದ. ಚಮಚ ಕೇಳಲು ಹೋಗಿ ಅವಳು ಚಪ್ಪಲಿ ಅಂದರೆ ಚಪ್ಪಲಿಯನ್ನೇ ತಂದು ಕೈಗೆ ಕೊಡುವ ಆಸಾಮಿ. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕಿದ್ದಾಗ ಮಾತಿನಮಲ್ಲಿ ಎಂದು ಹೆಸರಾಗಿದ್ದವಳು ಬರುಬರುತ್ತಾ ಏನನ್ನೂ ಕೇಳುವುದನ್ನೇ ಕಡಿಮೆ ಮಾಡಿದ್ದಳು. ಇವನು ಗಡಿಯಾರ ರಿಪೇರಿ ಮಾಡುವವನು, ಮುಳ್ಳು ಕೂದಲೆಳೆಯಷ್ಟು ತಪ್ಪಿ ನಡೆದರೂ ಹಿಡಿಯುತ್ತಿದ್ದ. ಇದನ್ನು ಮಾತ್ರ ಹಿಡಿದಿರಲಿಲ್ಲ.

ಹುಡುಗಿ ನಗಲಿಲ್ಲ. “ಹೊರಗೆ ಒಂದು ಗಂಟೆ ಆ ಟ್ಯೂಬ್‌ಲೈಟ್ ಕೆಳಗೆ ಕೂತು ಸುಸ್ತಾಗಿದ್ದಾರೆ ಸರ್. ಸುಸ್ತಾದ್ರೆ, ಹೆದರಿದ್ರೆ ಇವರಿಗೆ ಬೇಕು ಅನ್ನೋದು ಸಾಕು ಅಂತ ಬರುತ್ತೆ. ಮೊದಮೊದಲು ಅಂತೂ ಯಾವಾಗ್ಲೂ ಹಾಗೇ. ಇವರ ಅಕ್ಕನಿಗೆ ಹೇಳಿದ್ದೆ. ನಿಮಗೆ ಹೇಳ್ಲಿಲ್ವಾ?”

ಪ್ರತಿ ಸಲ ಇಲ್ಲಿಗೆ ಕರೆತರುತ್ತಿದ್ದವಳು ಹೆಂಡತಿಯ ಅಕ್ಕ. ಇಂದು ಅವಳ ಮಂಡಿ ಕೈಕೊಟ್ಟಿದ್ದರಿಂದ ಇವನು ಬಂದಿದ್ದ. ಅಕ್ಕ ಹೇಳಿರಲೂಬಹುದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಅವನು “ಹೂಂ ಹೂಂ” ಅಂದಿರಲೂಬಹುದು.

“ಹಾಗಂದಿದ್ದು ಇವಳಿಗೇ ಗೊತ್ತಾಗಲ್ವಾ?”

“ಇಲ್ಲ ಸರ್. ಅವರ ಕಿವಿಗೆ ಬೇಕು ಅಂತಲೇ ಕೇಳಿಸಿರುತ್ತೆ.”

ಗಂಡನ ನಗು ಅಲ್ಲಿಗೇ ಇಂಗಿತು. ಅವಳು ಆಸ್ಪತ್ರೆಯಿಂದ ಮನೆಗೆ ಬಂದ ಹೊಸತು. ಮಧ್ಯಾಹ್ನ ಪರದೆ ಎಳೆದು ಎರಡು ಗಂಟೆ ಮಲಗಲೇಬೇಕೆಂದು ಡಾಕ್ಟರು ಹೇಳಿದ್ದರು. ಅವಳಿಗೋ ಕಣ್ಣು ಮುಚ್ಚಲು ಭಯ. ತಲೆ ಒಂದಿಷ್ಟು ಚುರುಕ್ಕೆಂದಿತೋ ಇಲ್ಲವೋ, ರಕ್ತನಾಳ ಮತ್ತೆ ಒಡೆಯಿತು ಎಂದು ಎದ್ದು ಕನ್ನಡಿಯ ಮುಂದೆ ನಿಂತು, ಆಸ್ಪತ್ರೆಯಲ್ಲಿ ಮಾಡಿಸುತ್ತಿದ್ದಂತೆ ಎರಡೂ ಕೈ ಎತ್ತಿ, ನಾಲಿಗೆ ಚಾಚಿ, ಹಲ್ಲು ಕಿರಿದು ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು. “ಯಾರನ್ನೇ ಅಣಕಿಸ್ತಿದ್ದೀಯ?” ಎಂದು ಅದಕ್ಕೂ ಅವನದೊಂದು ತಮಾಷೆ. ಆದರೂ ತನ್ನ ಗಡಿಯಾರದ ಅಂಗಡಿ ಮುಚ್ಚಿ ಬಂದು ಹಾಸಿಗೆಯ ಪಕ್ಕ ಕೂರುತ್ತಿದ್ದ. ಹತ್ತನೆಯದೋ ಹನ್ನೊಂದನೆಯದೋ ದಿನ, “ನಾನು ದಿನಾ ಹೀಗೆ ಕೂತಿರ್ಬೇಕಾ?” ಎಂದು ಕೇಳಿದ. “ಸಾಕು” ಎಂದಳು. ಮತ್ತೆ ಕೇಳಿದ. “ಸಾಕು, ಸಾಕು” ಎಂದಳು. ಅವನು ಎದ್ದು ಹೋದ. ಮರುದಿನದಿಂದ ಮಧ್ಯಾಹ್ನ ಅಂಗಡಿ ಮುಚ್ಚಲಿಲ್ಲ.

ನಿಜ ಹೇಳಬೇಕೆಂದರೆ, ಅಂದು ಅವನಿಗೆ ಬೇಸರವೇನೂ ಆಗಿರಲಿಲ್ಲ. ಬೀದಿಯ ಬಿಸಿಲಿಗೆ ಬಂದವನೇ ಬದುಕಿದೆಯಾ ಬಡಜೀವವೇ ಎಂದು ಉಸಿರು ಬಿಟ್ಟಿದ್ದ. ಆ ಕತ್ತಲೆ ಕೋಣೆಯಲ್ಲಿ ಅವಳ ಉಸಿರಾಟ ಎಣಿಸುತ್ತಾ ಕೂರಲು ಅವನಿಗೂ ಭಯ. ಅವಳ ಬಾಯಿಂದ ಆ ಮಾತು ಬರುವುದು ಅವನಿಗೆ ಬೇಕಾಗಿತ್ತು. ಆಮೇಲೆ ಆರು ತಿಂಗಳು, ಅಷ್ಟೂ ಮಧ್ಯಾಹ್ನ, ಅವಳು ಒಬ್ಬಳೇ ಮಲಗಿದಳು. ಬೀದಿ ಬಾಗಿಲಿಗೆ ಚಿಲಕ ಹಾಕದೆ ಮಲಗುತ್ತಾಳೆಂದು ಇವನು ಎಷ್ಟೋ ಸಲ ರೇಗಿದ್ದ, ಕಳ್ಳ ಬಂದರೇನು ಗತಿ ಎಂದು. ತನಗೇನಾದರೂ ಆದರೆ ಯಾರಾದರೂ ಒಳಗೆ ಬರಲಿ ಎಂದು ಅವಳು ಹಾಗೆ ಮಾಡುತ್ತಿದ್ದುದು ಈಗ ಹೊಳೆಯಿತು.

ಹೊರಗೆ ಬಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಅವಳನ್ನು ಕೂರಿಸಿದ. ಕೇಳದೆ ಇರಲಾಗಲಿಲ್ಲ.

“ಆವತ್ತು ಮಧ್ಯಾಹ್ನ ನಾನು ಕೂತಿರ್ಬೇಕಾ ಅಂತ ಕೇಳಿದ್ನಲ್ಲ. ನೀನು ಏನಂದೆ, ನೆನಪಿದೆಯಾ?”

ಅವಳು ಬಿಸಿಲಿಗೆ ಕೈ ಅಡ್ಡ ಹಿಡಿದು, ಕಾಳು ಆರಿಸಿದಂತೆ ಮಾತು ಆರಿಸಿದಳು. “ಬೇಕು... ಅಂದೆ. ಮೂರು ಸಲ ಅಂದೆ.”

“ಮತ್ತೆ ನಾನು ಎದ್ದು ಹೋದೆನಲ್ಲೇ! ಇಷ್ಟು ದಿನ ಯಾಕೆ ಒಂದು ಮಾತೂ ಕೇಳ್ಲಿಲ್ಲ?”

“ಅಂಗಡಿ ಇತ್ತಲ್ಲ, ಪಾಪ. ನಿಮಗೂ... ಸಾಕಾಗಿರುತ್ತೆ ಅಂದ್ಕೊಂಡೆ.”

ಈ ಸಲ ಆ ಮಾತು ತಪ್ಪದೆ ಸರಿಯಾಗಿಯೇ ಬಂದಿತ್ತು. ಗಂಡನ ಕಣ್ಣು ತುಂಬಿತು. “ಅಯ್ಯೋ, ಇಲ್ಲ ಕಣೇ, ನಿನ್ನಾಣೆಗೂ ಇಲ್ಲ. ನಂಗೆ ಕೇಳಿಸಿದ್ದೇ ಸಾಕು ಅಂತ. ನಿನ್ನ ಬಾಯಲ್ಲಿ ಬಂದಿದ್ದೇ ಹಾಗೆ. ಆ ಹುಡುಗಿನೂ ಅದನ್ನೇ ಹೇಳಿದ್ಲಲ್ಲ? ಇದ್ರಲ್ಲಿ ನಿಂದೂ ತಪ್ಪಿಲ್ಲ, ನಂದೂ ತಪ್ಪಿಲ್ಲ.” ಹೇಳುತ್ತಾ ಹೇಳುತ್ತಾ ಅವನ ಎದೆ ಅಷ್ಟಿಷ್ಟು ಹಗುರವಾಯಿತು. ಬಾಯಿತಪ್ಪಿ ಬಂದ ಮಾತಿಗೆ ಯಾರೇನು ಮಾಡಲಾದೀತು?

ಅವಳು ಅವನತ್ತ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆಂಬ ಆಸೆಯಷ್ಟೇ ಇತ್ತು.

“ಬಾಯಿ ಹಾಗಂದಿರ್ಬಹುದು ರೀ” ಎಂದಳು. “ಆದ್ರೆ ನಾನು ನಿಮ್ಮ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ನಲ್ಲ. ನನ್ನ ಬೆರಳು ಒಂದೊಂದಾಗಿ ಬಿಡಿಸಿ ಹೋದ್ರಲ್ಲ, ಆಗ್ಲೂ ಗೊತ್ತಾಗ್ಲಿಲ್ವಾ?”