ಮಧುಮತಿಯ ಬೆಚ್ಚನೆಯ ಕೈ

ನನ್ನ ಗಂಡ ಶಿವಯೋಗಿಯವರ ಫೋನು ಹತ್ತೊಂಬತ್ತು ವರ್ಷಗಳಿಂದ ನನ್ನ ಅಂಗೈಯಲ್ಲೇ ಚಾರ್ಜ್ ಆಗುತ್ತಿದೆ. ಯಾರ ಫೋನಿಗೂ ಅವರವರ ಕೈಯಲ್ಲೇ ಚಾರ್ಜ್ ಏರುವುದಿಲ್ಲವಲ್ಲ! ದಾವಣಗೆರೆಯಲ್ಲಿ ಅರ್ಧ ಗಂಟೆ ಹಿಡಿದರೆ ಸಾಕಿತ್ತು. ಪ್ರಾಗ್‌ನ ಈ ಚಳಿಗೆ ನಿನ್ನೆ ಟೂರ್ ಬಸ್ಸಿನಲ್ಲಿ ಅರ್ಧ ದಾರಿ ಹಿಡಿದು ಕೂತರೂ ನೂರಕ್ಕೆ ಹನ್ನೆರಡು ದಾಟಲಿಲ್ಲ.

“ಪರದೇಶದಲ್ಲಿ ಗುರುತಿಲ್ಲದವರ ಕೈಗೆ ಫೋನು ಕೊಡಬೇಡಿ, ಒಳಗಿರೋದನ್ನೆಲ್ಲ ಕದ್ದುಬಿಡ್ತಾರೆ. ನಮ್ಮ ಗುಂಪಿನವರಿಗೇ ಕೊಡಿ,” ಎಂದು ಟೂರ್ ಮ್ಯಾನೇಜರ್ ಹೇಳಿದ್ದೇ ಇವರಿಗೆ ನೆಪವಾಯಿತು. ಹಿಂದಿನ ಸೀಟಿನ ಮಧುಮತಿಗೆ ಕೊಟ್ಟರು. ಅವಳು ಬೆರಳು ಮಡಚಿದ್ದಷ್ಟೇ, ಹತ್ತು ನಿಮಿಷಕ್ಕೆ ನೂರು!

“ನಿಮ್ಮ ಕೈ ಎಷ್ಟು ಬೆಚ್ಚಗಿದೆ ರೀ!” ಎಂದರು ಇವರು.

ನನಗೆ ಮೈಯೆಲ್ಲ ಉರಿಯಿತು. ಆ ಉರಿ ಒಂದಿಷ್ಟು ಅಂಗೈಗೆ ಇಳಿದಿದ್ದರೆ ಫೋನಾದರೂ ತುಂಬುತ್ತಿತ್ತು.

ಇವತ್ತು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವಳೇ ನಮ್ಮ ಮೇಜಿಗೆ ಬಂದಳು. ನಾನು ಬ್ರೆಡ್ಡಿಗೆ ಚಟ್ನಿಪುಡಿ ಉದುರಿಸುತ್ತ ತಲೆಯೆತ್ತಲಿಲ್ಲ.

“ಅಕ್ಕಾ, ಇದನ್ನ ಒಂಚೂರು ಹಿಡ್ಕೊಳ್ತೀರಾ? ನಮ್ಮನೆಯವರ ಫೋನು ನನ್ನ ಕೈಲಿ ಏರೋದೇ ಇಲ್ಲ,” ಎಂದಳು. ದನಿ ಸಣ್ಣಗಾಗಿತ್ತು.

ಒಲ್ಲೆ ಎನ್ನಲಾಗದೆ ಹಿಡಿದೆ. ಇಪ್ಪತ್ತು, ನಲವತ್ತು, ಎಪ್ಪತ್ತು... ನೋಡನೋಡುತ್ತಿದ್ದಂತೆ ಏರಿತು. ಮಧುಮತಿ ಮುಖ ತಿರುಗಿಸಿಕೊಂಡಳು.

ಎದುರಿಗೆ ಕೂತಿದ್ದ ನನ್ನ ಗಂಡ ತಿನ್ನುವುದು ಬಿಟ್ಟು ನನ್ನ ಅಂಗೈಯನ್ನೇ ದಿಟ್ಟಿಸುತ್ತಿದ್ದರು.

“ಸಾಕು, ಕೊಟ್ಬಿಡೇ,” ಎಂದರು.

“ಇರ್ರಿ, ನೂರಾಗ್ಲಿ,” ಎಂದೆ.