ಕೆಂಪಕ್ಷರದ ಹೆಸರು

“ಕೆಂಪಕ್ಷರದಲ್ಲಿ ಹೆಸರಿರುವವರು ನಾಳೆಯಿಂದ ಕೆಲಸಕ್ಕೆ ಬರಬೇಕಾಗಿಲ್ಲ” ಎಂಬ ಸಾಲಿನ ಮೇಲೆ ಟೆಲಿಫೋನ್ ಆಪರೇಟರನ ಬೆರಳು ನಿಂತಿತು. ಕಣ್ಣು ಕಾಣದ ಅವನು ಕಚೇರಿಯ ಇಮೇಲ್ ಓದುತ್ತಿದ್ದದ್ದು ಕೀಬೋರ್ಡಿನ ಮುಂದಿನ ಬ್ರೈಲ್ ಪಟ್ಟಿಯಲ್ಲಿ. ಕೆಳಗಿನ ಹನ್ನೆರಡು ಹೆಸರುಗಳೂ ಅದರಲ್ಲಿ ಬರೀ ಚುಕ್ಕಿಗಳಾಗಿ ಎದ್ದವು. ಬಣ್ಣ ಬೆರಳಿಗೆ ತಾಗಲಿಲ್ಲ. ತನ್ನ ಹೆಸರನ್ನು ಮೂರು ಸಲ ಸವರಿದ.

“ಅಕ್ಕಾ, ನನ್ ಹೆಸರು ಯಾವ ಬಣ್ಣ?” ಎಂದು ಪಕ್ಕದ ಮೇಜಿನ ಟೈಪಿಸ್ಟನ್ನು ಕೇಳಿದ.

“ಕಪ್ಪು ಕಣೋ. ಬದುಕಿದೆ ಹೋಗು. ಇನ್ನಾದ್ರೂ ಫೋನು ಬೇಗ ಎತ್ತು.”

ಅವನು ಜೋರಾಗಿ ನಕ್ಕುಬಿಟ್ಟ. ಅಕ್ಕನ ಹೆಸರಿನ ಬಣ್ಣ ಕೇಳಲೇ ಇಲ್ಲವೆಂದು ಹೊಳೆದದ್ದು ಆಮೇಲೆ.

“ನಿಮ್ದು, ಅಕ್ಕಾ?”

ಅವಳು ಎದ್ದ ಸದ್ದಾಯಿತು. “ನಿನ್ ಕುರ್ಚಿ ಅಲುಗಾಡುತ್ತಲ್ಲ, ನಂದು ಇಟ್ಕೋ.”